ಬಸ್‌ಸ್ಟ್ಯಾಂಡಿನಲ್ಲಿ ಮುಗಿದ ಸಿನಿಮಾಗಳು

ಹೋದ ತಿಂಗಳು ಮೈಸೂರಿನ ಮಾಲೊಂದರಲ್ಲಿ ಸಿನಿಮಾ ನೋಡುತ್ತಾ ಕೂತಿದ್ದೆ. ನೋಡುತ್ತಾ ಅನ್ನುವುದು ಮಾತಿಗೆ. ಪರದೆಯ ಮೇಲೆ ನಾಯಕ ಹೆಲಿಕಾಪ್ಟರಿನಿಂದ ನೇತಾಡಿಕೊಂಡು ತತ್ವ ಹೇಳುತ್ತಿದ್ದ. ನಾನು ನಾಳೆಯ ದೋಸೆಗೆ ಅಕ್ಕಿ ನೆನೆಹಾಕಿ ಬಂದೆನೋ ಇಲ್ಲವೋ ಅಂತ ಯೋಚಿಸುತ್ತಿದ್ದೆ. ಪಕ್ಕದಲ್ಲಿದ್ದ ಮಗಳು ಸಿಂಚನ ನನ್ನ ಕಿವಿಗೆ ಬಾಯಿ ತಂದು, “ಅಮ್ಮಾ, ಶುರುವಾಯ್ತು ನಿನ್ನ ಕಾಲು” ಅಂದಳು.

ನೋಡಿದರೆ ನಿಜವೇ. ಕೂತ ಕೂಡಲೇ ಬಿಚ್ಚಿ ಸೀಟಿನ ಕೆಳಗೆ ತಳ್ಳಿದ್ದ ಚಪ್ಪಲಿಯನ್ನು ನನ್ನ ಬಲಗಾಲು ಕತ್ತಲಲ್ಲಿ ತಡಕಾಡುತ್ತಿತ್ತು. ಚಪ್ಪಲಿ ಸಿಗದೆ ಮಗಳ ಶೂ ತುಳಿದಿತ್ತು. ಎದ್ದು ಹೋಗಬೇಕೆಂದು ನಾನಿನ್ನೂ ತೀರ್ಮಾನ ಮಾಡಿರಲಿಲ್ಲ, ಆದರೆ ಕಾಲು ಆಗಲೇ ಮಾಡಿತ್ತು.

ಕೆಲವರಿಗೆ ತಂದೆಯಿಂದ ಮೂಗು ಬರುತ್ತದೆ, ಕೆಲವರಿಗೆ ತೋಟ ಬರುತ್ತದೆ, ಈಗೀಗ ಹೆಚ್ಚಿನವರಿಗೆ ಸಕ್ಕರೆ ಕಾಯಿಲೆ ಬರುತ್ತದೆ. ನನಗೆ ಬಂದದ್ದು ಈ ಕಾಲು. ಕೆಟ್ಟ ಸಿನಿಮಾದ ವಾಸನೆ ಹಿಡಿದ ತಕ್ಷಣ ಚಪ್ಪಲಿ ಹುಡುಕುವ ಕಾಲು. ಇದನ್ನು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ, ಸ್ವಲ್ಪ ಜಂಬವೇ ಇದೆ ಅಂದುಕೊಳ್ಳಿ.

ನಮ್ಮೂರು ಹುಣಸೂರಿನಿಂದ ಪಿರಿಯಾಪಟ್ಟಣದ ಕಡೆ ಹೋಗುವಾಗ ಎಡಕ್ಕೆ ಒಳಗೆ ಸಿಗುವ ಒಂದು ಹಳ್ಳಿ. ಅಪ್ಪ ಹೊಗೆಸೊಪ್ಪು ಬೆಳೆಯುತ್ತಿದ್ದ. ಬೇಯಿಸಿ ಒಣಗಿಸಿದ ಎಲೆಯನ್ನು ಗುಣದ ಮೇಲೆ ಬೇರೆ ಬೇರೆ ಮಾಡುವ ಕೆಲಸ ಉಂಟಲ್ಲ, ಅದರಲ್ಲಿ ಅವನದು ಎತ್ತಿದ ಕೈ. ಒಂದೆಲೆ ತೆಗೆದು, ಬೆರಳಲ್ಲಿ ಉಜ್ಜಿ, ಮೂಗಿನ ಹತ್ತಿರ ಹಿಡಿದು, ಬೆಳಕಿಗೆ ಒಡ್ಡಿ, “ಇದು ಆ ಕಡೀಕೆ” ಅನ್ನುತ್ತಿದ್ದ. ಅಷ್ಟೇ. ಎರಡನೇ ಸಲ ನೋಡಿದವನಲ್ಲ. ಅಕ್ಕಪಕ್ಕದ ಮನೆಯವರೂ ತಮ್ಮ ಸೊಪ್ಪು ತಂದು ಜಗಲಿಯ ಮೇಲೆ ಹರಡಿ, ಅವನು ಏನನ್ನುತ್ತಾನೋ ಅಂತ ಬಾಯಿ ನೋಡುತ್ತಾ ನಿಲ್ಲುತ್ತಿದ್ದರು. ಅನ್ನ ಬೆಂದಿದೆಯೋ ಇಲ್ಲವೋ ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಕು, ತಪ್ಪಲೆಯನ್ನೆಲ್ಲ ಉಣ್ಣಬೇಕಿಲ್ಲ ಅನ್ನುವುದು ಅವನ ವಾದ.

ಈ ವಾದವನ್ನು ಅವನು ಸೊಪ್ಪಿಗೆ ಮಾತ್ರ ಇಟ್ಟುಕೊಂಡಿದ್ದರೆ ಚೆನ್ನಾಗಿತ್ತು. ಸಿನಿಮಾಕ್ಕೂ ತಂದುಬಿಟ್ಟಿದ್ದ.

ವರ್ಷಕ್ಕೊಮ್ಮೆ, ಸೊಪ್ಪೆಲ್ಲ ಮಾರಿ ಮನೆ ಖಾಲಿಯಾದ ಮೇಲೆ, ಹುಣಸೂರಿನ ಟಾಕೀಸಿಗೆ ನಮ್ಮನ್ನು ಮ್ಯಾಟಿನಿ ಶೋಗೆ ಕರೆದುಕೊಂಡು ಹೋಗುತ್ತಿದ್ದ. ಅವನು, ಅವ್ವ, ನಾನು, ತಮ್ಮ ಮಾದೇಶ. ನಾವು ಮೈಗೆಲ್ಲ ಪೌಡರು ಬಳಿದುಕೊಂಡು, ಅವ್ವ ಪುರಿ ಕಡಲೆಯ ಚೀಲ ಹಿಡಿದುಕೊಂಡು, ದಂಡಯಾತ್ರೆ ಹೊರಟ ಹಾಗೆ ಹೊರಡುತ್ತಿದ್ದೆವು. ಒಳಗೆ ಹೋಗಿ ಕೂತ ಮೇಲೆ ಮೂವರಿಗೆ ನೋಡಲು ಒಂದೇ ಪರದೆ, ನನಗೆ ಎರಡು. ಒಂದು ಕಣ್ಣು ಸಿನಿಮಾದ ಮೇಲೆ, ಇನ್ನೊಂದು ಅಪ್ಪನ ಕಾಲ ಮೇಲೆ. ಅವನೂ ಕೂತ ಕೂಡಲೇ ಚಪ್ಪಲಿ ಬಿಡುತ್ತಿದ್ದ. ಹಾಡು ಒಂದಾಗಿ, ನಾಯಕ ನಾಲ್ಕು ಜನಕ್ಕೆ ಹೊಡೆದು, ನಾಯಕಿ ಕೆಸರಲ್ಲಿ ಜಾರಿ ಬೀಳುವ ಹೊತ್ತಿಗೆ ಅಪ್ಪನ ಹೆಬ್ಬೆರಳು ಮೆಲ್ಲಗೆ ನೆಲ ಸವರಲು ಶುರುಮಾಡುತ್ತಿತ್ತು. ‘ದೇವರೇ, ಚಪ್ಪಲಿ ಸಿಗದೇ ಇರಲಿ’ ಅಂತ ನಾನು ಬೇಡಿಕೊಳ್ಳುತ್ತಿದ್ದೆ. ಸಿಗದೇ ಎಲ್ಲಿಗೆ ಹೋಗುತ್ತದೆ? ಎರಡೂ ಕಾಲಿಗೆ ಚಪ್ಪಲಿ ಬಂದ ಕೂಡಲೇ ತೀರ್ಪು ಹೊರಬೀಳುತ್ತಿತ್ತು.

“ಆಗಕಿಲ್ಲ ಇದು. ಏಳ್ರಿ.”

ಸಿಟ್ಟಿಲ್ಲ, ಕೂಗಾಟವಿಲ್ಲ, ಕೊಟ್ಟ ದುಡ್ಡು ಹೋಯಿತೆಂಬ ಕೊರಗೂ ಇಲ್ಲ. ಸುಮ್ಮನೆ ಎದ್ದು ಹೊರಟುಬಿಡುತ್ತಿದ್ದ. ಅವನ ಹಿಂದೆ ಮಾದೇಶ, ಮಾದೇಶನ ಹಿಂದೆ ನಾನು. ಬೆಂಚಿನ ಸಾಲಿನವರೆಲ್ಲ ಮಂಡಿ ಓರೆ ಮಾಡಿ ದಾರಿ ಬಿಡುತ್ತಾ ಬೈಯುವುದು ಕೇಳಿಸುತ್ತಿತ್ತು. ಅಪ್ಪನ ಪರೀಕ್ಷೆಯಲ್ಲಿ ಪಾಸಾದ ಸಿನಿಮಾ ಒಂದಾದರೂ ಇತ್ತೇ ಅಂತ ಎಷ್ಟು ನೆನಪಿಸಿಕೊಂಡರೂ ನನಗೆ ಹೊಳೆಯುವುದಿಲ್ಲ. ಬರಬರುತ್ತಾ ಹೊರಗೆ ಮುಂದಿನ ಆಟಕ್ಕೆ ಕಾಯುತ್ತಿದ್ದವರು ಅಪ್ಪನ ಮುಖ ಕಂಡರೆ, “ಯಜಮಾನ್ರು ಎದ್ದುಬಂದ್ರು ಕಣ್ರಲಾ, ನಡೀರಿ ಓಗನ” ಅಂತ ಚದುರತೊಡಗಿದರು. ಗೇಟಿನವನು ನಮ್ಮನ್ನು ಕಂಡರೆ ಮುಖ ಸಿಂಡರಿಸುತ್ತಿದ್ದ. ಆಗ ನನಗೆ ಭಾರೀ ಅವಮಾನ ಅನ್ನಿಸುತ್ತಿತ್ತು. ಈಗ ನೆನೆದರೆ, ಇಡೀ ತಾಲ್ಲೂಕಿಗೆ ಅಂಥ ವಿಮರ್ಶಕ ಇನ್ನೊಬ್ಬನಿದ್ದನೇ ಅಂತ ಎದೆ ಉಬ್ಬುತ್ತದೆ.

ಅವ್ವನ ಮಾತು ಮಾತ್ರ ಬೇರೆ. ಸಾಲಿನ ಕೊನೆಯವಳು ಅವಳು. ಪುರಿಯ ಚೀಲ ಕಂಕುಳಿಗೆ ಸಿಕ್ಕಿಸಿಕೊಂಡು ನಿಧಾನಕ್ಕೆ ಬರುತ್ತಿದ್ದಳು. ಬಾಗಿಲಿಗೆ ಒಂದು ದಪ್ಪ ಕರಿಯ ಪರದೆ ಇಳಿಬಿಟ್ಟಿದ್ದರು. ಅಲ್ಲಿಗೆ ಬಂದಾಗ ಅದರ ಅಂಚು ಹಿಡಿದು, ತಿರುಗಿ, ಒಂದು ಗಳಿಗೆ ನಿಲ್ಲುತ್ತಿದ್ದಳು. ಬೆಳ್ಳಿಪರದೆಯ ಬೆಳಕು ಅವಳ ಮುಖದ ಮೇಲೆ ಬಿದ್ದಿರುತ್ತಿತ್ತು. ಅಪ್ಪ ಹೊರಗಿನಿಂದ “ಬಾರಮ್ಮಿ” ಅನ್ನುತ್ತಿದ್ದ. ಅವಳು ಪರದೆ ಬಿಟ್ಟು ಬರುತ್ತಿದ್ದಳು. ಒಂದೇ ಒಂದು ಸಿನಿಮಾದ ಕೊನೆಯನ್ನಾದರೂ ಕಣ್ಣಾರೆ ನೋಡಬೇಕೆಂಬ ಆಸೆ ಅವಳಿಗಿತ್ತು. ಅದು ನನಗೆ ಆ ವಯಸ್ಸಿಗೇ ಗೊತ್ತಿತ್ತು. ಅವಳು ಬಾಯಿಬಿಟ್ಟು ಕೇಳಲಿಲ್ಲ, ಅಷ್ಟೇ.

ಇನ್ನು ಬಸ್ಸಿನ ವಿಚಾರ. ನಮ್ಮೂರ ಬಸ್ಸು ಮ್ಯಾಟಿನಿ ಬಿಡುವ ಹೊತ್ತಿಗೆ ಸರಿಯಾಗಿ ಸ್ಟ್ಯಾಂಡಿಗೆ ಬರುತ್ತಿತ್ತು. ಅರ್ಧಕ್ಕೇ ಎದ್ದುಬಂದವರಿಗಾಗಿ ಯಾರೂ ಬಸ್ಸು ಬಿಡುವುದಿಲ್ಲವಲ್ಲ. ಹಾಗಾಗಿ ಸಿನಿಮಾದ ಉಳಿದರ್ಧದಷ್ಟು ಹೊತ್ತನ್ನು ನಾವು ಹುಣಸೂರು ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕಳೆಯಬೇಕಾಗುತ್ತಿತ್ತು. ಮಡಿಕೇರಿ ಬಸ್ಸು ಬರುವುದು, ಮೈಸೂರು ಬಸ್ಸು ಹೋಗುವುದು, ಕೋಟೆ ಬಸ್ಸಿಗೆ ಜನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದು, ಇದನ್ನೇ ಎಷ್ಟೂಂತ ನೋಡುವುದು? ಮಾದೇಶ ಮೂಗು ಸೊರಸೊರ ಮಾಡಲು ಶುರುಮಾಡುತ್ತಿದ್ದ. “ಅವ್ವಾ, ಆಮ್ಯಾಕೆ ಏನಾಯ್ತವ್ವಾ?”

ಆಗ ಅವ್ವ ಚೀಲ ಬಿಚ್ಚಿ ಇಬ್ಬರಿಗೂ ಒಂದೊಂದು ಬೊಗಸೆ ಪುರಿ ಹಾಕಿ, ಸೆರಗು ಹೊದ್ದುಕೊಂಡು, ಸಿನಿಮಾ ಮುಂದುವರಿಸುತ್ತಿದ್ದಳು.

ಏನು ಹೇಳಲಿ ಅದರ ಸೊಗಸನ್ನ! ಅವ್ವನ ಸಿನಿಮಾದಲ್ಲಿ ಫೈಟಿಂಗೇ ಇರುತ್ತಿರಲಿಲ್ಲ. ಹೊಡೆದಾಟ ಬರಬೇಕಾದ ಕಡೆಯಲ್ಲೆಲ್ಲ ಊಟ ಬರುತ್ತಿತ್ತು. ಖಳನಾಯಕ ನಾಯಕನ ಮನೆಗೆ ಬೆಂಕಿ ಇಡಲು ಬರುತ್ತಾನೆ, ನಾಯಕನ ತಾಯಿ “ಬಾರಪ್ಪಾ, ಹಸ್ಕಂಡು ಬಂದಿದ್ದೀಯ” ಅಂತ ತಟ್ಟೆ ಇಡುತ್ತಾಳೆ. ಬಿಸಿ ಮುದ್ದೆ, ಸೊಪ್ಪಿನ ಸಾರು. ಉಂಡ ಮನೆಯ ಜಂತೆ ಎಣಿಸಬಾರದಲ್ಲ. ಅವನು ಕೈ ತೊಳೆದು, ತಲೆ ತಗ್ಗಿಸಿ, ಬೆಂಕಿಪೊಟ್ಟಣ ಒಲೆಯ ಪಕ್ಕ ಇಟ್ಟು ಹೋಗುತ್ತಾನೆ. ಒಂದು ಸಿನಿಮಾದಲ್ಲಂತೂ ಮೂರು ಊರಿನ ಕೇಡಿಗಳನ್ನು ಕೂರಿಸಿ ಹೊಟ್ಟೆ ತುಂಬ ಬಡಿಸಿ, ಕೊನೆಗೆ ಅವರಲ್ಲೊಬ್ಬನಿಗೆ ಕೆ.ಆರ್. ನಗರದಲ್ಲಿ ಹೆಣ್ಣು ನೋಡಿ ಮದುವೆಯನ್ನೂ ಮಾಡಿಸಿದ್ದಳು.

ಇನ್ನೊಂದು ಸಿನಿಮಾ ನೆನಪಿದೆ. ನಾಯಕಿ ಅತ್ತೆಯ ಕಾಟ ತಾಳಲಾರದೆ ಬಾವಿಗೆ ಹಾರಿದಳು. ಹಾರಿದಳೋ ಇಲ್ಲವೋ, ಅಪ್ಪನ ಕಾಲಿಗೆ ಚಪ್ಪಲಿ ಸಿಕ್ಕಿತು. ಅವಳು ಗಾಳಿಯಲ್ಲಿರುವಾಗಲೇ ನಾವು ಹೊರಗೆ ಬಂದೆವು. ಬೆಂಚಿನ ಮೇಲೆ ಕೂತ ಮಾದೇಶ ಪುರಿಯನ್ನೂ ಮುಟ್ಟದೆ ಬಿಕ್ಕುತ್ತಿದ್ದ. ಅವ್ವ ತುಸು ಹೊತ್ತು ಯೋಚಿಸಿದಳು. ಆಮೇಲೆ, “ಅಳಬ್ಯಾಡ ಕಣೋ. ಆ ಬಾವಿ ಗ್ವಾಡೇಲಿ ಒಂದು ಅರಳಿ ಗಿಡ ಉಟ್ಟಿತ್ತು. ಅದರ ಬೇರ ಇಡ್ಕಂಡ್ಲು” ಅಂದಳು. ಬೇರು ಹಿಡಿದುಕೊಂಡವಳು ಅಲ್ಲಿಂದ ಕೂಗಿದ್ದು, ಹಸುವಿಗೆ ನೀರು ಸೇದಲು ಬಂದ ಅತ್ತೆಗೇ ಆ ಕೂಗು ಕೇಳಿಸಿದ್ದು, ಅತ್ತೆ ತನ್ನ ಸೀರೆಯನ್ನೇ ಬಿಚ್ಚಿ ಇಳಿಬಿಟ್ಟಿದ್ದು! ಮಾದೇಶ ಅಳು ನಿಲ್ಲಿಸಿ, “ಅತ್ತೆ ಬರೀ ಲಂಗದಲ್ಲಿ ನಿಂತಿದ್ಲಾ?” ಅಂತ ಕೇಳಿ ನಗತೊಡಗಿದ.

ಮಾರನೆಯ ದಿನ ಸ್ಕೂಲಿನಲ್ಲಿ ಅದೇ ಸಿನಿಮಾ ಪೂರ್ತಿ ನೋಡಿದ್ದ ಹುಡುಗಿಯೊಬ್ಬಳು ನಾಯಕಿ ಸತ್ತೇ ಹೋದಳೆಂದು ಸಾಧಿಸಿದಳು. ನಾನು ಬಿಡುತ್ತೇನೆಯೇ? “ನಿಮ್ಮ ಸಿನಿಮಾದಾಗೆ ಸತ್ತಿರ್ಬೋದು ಕಣೇ, ನಮ್ಮ ಸಿನಿಮಾದಾಗೆ ಸತ್ತಿಲ್ಲ” ಅಂದೆ. ಜಡೆ ಜಡೆ ಹಿಡಿದುಕೊಂಡು ಹೊಡೆದಾಡಿದೆವು. ಅವ್ವನ ಕತೆಯಲ್ಲಿ ಇಲ್ಲದ ಫೈಟಿಂಗು ಹೀಗೆ ಸ್ಕೂಲಿನಲ್ಲಿ ನಡೆಯಿತು.

ಇಷ್ಟೆಲ್ಲ ನಡೆಯುವಾಗ ಅಪ್ಪ? ಅವನು ನಮ್ಮ ಜೊತೆ ಕೂರುತ್ತಲೇ ಇರಲಿಲ್ಲ. ಒಂದು ಮಾರು ದೂರದಲ್ಲಿ ನಮಗೆ ಬೆನ್ನು ಹಾಕಿ, ಕೈ ಹಿಂದೆ ಕಟ್ಟಿ, ಎಲೆಯಡಿಕೆ ಜಗಿಯುತ್ತಾ, ಬಸ್ಸುಗಳ ವೇಳೆ ಬರೆದ ಬೋರ್ಡು ನೋಡುತ್ತಾ ನಿಂತಿರುತ್ತಿದ್ದ. ಬಸ್ಸು ಬಂದ ಕೂಡಲೇ “ಅತ್ತಿ, ಅತ್ತಿ” ಅಂತ ಅವಸರಿಸುತ್ತಿದ್ದ. ಅವ್ವನ ಕತೆ ಎಲ್ಲಿಗೆ ಬಂದಿದ್ದರೂ ಅಲ್ಲಿಗೇ ನಿಲ್ಲುತ್ತಿತ್ತು, ಉಳಿದದ್ದು ಬಸ್ಸಿನಲ್ಲಿ. ಕತೆ, ಕವಿತೆ ಅಂದರೆ ಅವನಿಗೆ ಅಷ್ಟಕ್ಕಷ್ಟೆ ಅಂತ ನಾನು ಎಷ್ಟೋ ವರ್ಷ ನಂಬಿದ್ದೆ.

ಈಗ ಅಪ್ಪ ಅವ್ವ ಇಬ್ಬರಿಗೂ ಎಪ್ಪತ್ತು ದಾಟಿದೆ. ಮಾದೇಶ ಊರಲ್ಲೇ ಇದ್ದು ಹೊಲ ನೋಡಿಕೊಳ್ಳುತ್ತಾನೆ. ನಾನು ಮೈಸೂರಿನಲ್ಲಿ ಮೇಷ್ಟರಗಿರಿ ಮಾಡುತ್ತೇನೆ. ಮನೆಗೆ ಟಿವಿ ಬಂದಮೇಲೆ ಅಪ್ಪನ ಕಾಲಿಗೆ ಕೆಲಸವಿಲ್ಲ, ರಿಮೋಟು ಸಾಕು. ಅಲ್ಲಿಗೂ ಅವ್ವನಿಗೆ ಕೊನೆ ನೋಡುವ ಭಾಗ್ಯ ಬರಲಿಲ್ಲ ಅನ್ನಿ.

ಹೀಗಿರುವಾಗ ಹೋದ ವರ್ಷದ ಹಿಂದಿನ ವರ್ಷ ಅವ್ವ ಚುಂಚನಕಟ್ಟೆಯಲ್ಲಿರುವ ತವರಿಗೆ ಹೋಗಿದ್ದಳು. ನನ್ನ ಸೋದರಮಾವನ ಮನೆ. ಅದೇ ವಾರ ಯಾವುದೋ ಸಿನಿಮಾದವರು ಕಾವೇರಿಯ ದಡದಲ್ಲಿ ಶೂಟಿಂಗ್ ಮಾಡುತ್ತಿದ್ದರು. ಹಳೆಯ ಕಾಲದ ಅಡುಗೆಮನೆ ಬೇಕೆಂದು ಮಾವನ ಮನೆಯನ್ನೇ ಕೇಳಿಕೊಂಡು ಬಂದರು. ಅಜ್ಜಿಯ ಪಾತ್ರ ಮಾಡಬೇಕಾಗಿದ್ದ ನಟಿಗೆ ಅವತ್ತು ಜ್ವರ. ನಿರ್ದೇಶಕ ತಲೆಯ ಮೇಲೆ ಕೈಹೊತ್ತು ಜಗಲಿಗೆ ಬಂದರೆ, ಅಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದಾಳೆ ನಮ್ಮವ್ವ! ಒಂದೇ ಸೀನು ಅಮ್ಮ, ಹೀರೋಗೆ ಮುದ್ದೆ ಬಡಿಸಿ ಒಂದು ಮಾತು ಹೇಳಿದರೆ ಸಾಕು ಅಂದರಂತೆ. ಅವ್ವ ಒಂದು ಸಲ ಬೇಡ ಅಂದಳಂತೆ, ಎರಡನೇ ಸಲ ಸೀರೆ ಬದಲಾಯಿಸಲು ಒಳಗೆ ಹೋದಳಂತೆ.

ಹೇಳಬೇಕಾದ ಮಾತು, “ಮಗನೇ, ಈ ಮಣ್ಣಿನ ಋಣವನ್ನು ನೀನೇ ತೀರಿಸಬೇಕು.” ಅವ್ವ ಅದನ್ನು ಬಾಯಿಪಾಠ ಮಾಡಿಕೊಂಡಿದ್ದಳು. ಆದರೆ ಕ್ಯಾಮೆರಾ ಓಡತೊಡಗಿ, ನಾಯಕ ಮುದ್ದೆ ಮುರಿದು ಬಾಯಿಗಿಟ್ಟು ಪಚಪಚ ಅಗಿಯಲು ಶುರುಮಾಡಿದಾಗ ಅವಳಿಗೆ ಮಣ್ಣೂ ಮರೆತುಹೋಯಿತು, ಋಣವೂ ಮರೆತುಹೋಯಿತು. “ಅಗೀಬ್ಯಾಡ ಕಣಪ್ಪಾ, ನುಂಗು! ಅಗುದ್ರೆ ಹಲ್ಲಿಗೆ ಮೆತ್ಕತದೆ. ಎಲ್ಲಿ, ಸಾರಲ್ಲಿ ಒಳ್ಳಾಡ್ಸು, ಆಂ, ಅಂಗೆ” ಅಂದುಬಿಟ್ಟಳು. ನಾಯಕ ನಿಜವಾಗಿಯೂ ನಕ್ಕ, ನಿಜವಾಗಿಯೂ ನುಂಗಿದ. ನಿರ್ದೇಶಕರು ಇದೇ ಇರಲಿ ಅಂದರಂತೆ. ಹೊರಡುವ ಮುಂಚೆ ಅವ್ವನನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ಒಂದು ಫೋಟೋ ತೆಗೆದುಕೊಂಡರಂತೆ. “ನೆಪ್ಪಿಗೆ ತಕ್ಕಂಡ್ರು ಕಣ್ ಮಗ” ಅಂತ ಅವ್ವ ಫೋನಿನಲ್ಲಿ ನನಗೆ ಹೇಳಿದಾಗ ಅವಳ ದನಿ ಹದಿನಾರರ ಹುಡುಗಿಯ ಹಾಗಿತ್ತು.

ಅಪ್ಪ ಈ ಸುದ್ದಿ ಕೇಳಿ “ಊಂ” ಅಂದನಂತೆ, ಅಷ್ಟೇ. ಮಾದೇಶ ಹೇಳುವ ಪ್ರಕಾರ ಮಾರನೆಯ ದಿನ ಹೋಟೆಲಿಗೆ ಹೋಗಿ ಊರಿಗೆಲ್ಲ ಟೀ ಕೊಡಿಸಿ ಬಂದನಂತೆ.

ಆ ಸಿನಿಮಾ ಬಹಳ ದಿನ ಡಬ್ಬದಲ್ಲೇ ಇದ್ದು, ಕಡೆಗೊಮ್ಮೆ ಹುಣಸೂರಿಗೆ ಬಂತು. ನಾನೂ ಸಿಂಚನಳೂ ಮೈಸೂರಿನಿಂದ ಹೋದೆವು. ಮಾದೇಶ ಊರವರನ್ನೆಲ್ಲ ಹೊರಡಿಸಿಕೊಂಡು ಬಂದಿದ್ದ, ಮೂರು ಸಾಲು ತುಂಬಿತ್ತು. ಅವ್ವ ಮದುವೆಗೆ ಉಡುವ ರೇಷ್ಮೆಸೀರೆ ಉಟ್ಟು, ನಡುವಿನ ಸೀಟಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಮಡಿಲಲ್ಲಿ ಪುರಿ ಚೀಲ. ಪಕ್ಕದಲ್ಲಿ ಅಪ್ಪ. ಆಟ ಶುರುವಾಗುವ ಮುಂಚೆ ಅವನೊಂದು ಕೆಲಸ ಮಾಡಿದ. ಚಪ್ಪಲಿ ಬಿಚ್ಚಿ, ಕೈಯಲ್ಲಿ ಎತ್ತಿ, ನನ್ನನ್ನು ದಾಟಿಸಿ ಸಿಂಚನಳಿಗೆ ಕೊಟ್ಟ.

“ಇದ ನಿನ್ನ ಕಾಲ್ ಕೆಳೀಕೆ ಮಡೀಕ ಮಗ. ನಾ ಕೇಳುದ್ರೂ ಕೊಡಬ್ಯಾಡ.”

ಅಪ್ಪ ತನ್ನ ಕಾಲಿನ ಮೇಲೆ ತಾನೇ ಕಾವಲು ಹಾಕಿದ್ದ. ಅದನ್ನು ಕಂಡು ನನಗೆ ನಗು ಬಂತು.

ಸಿನಿಮಾದ ಬಗ್ಗೆ ಏನು ಹೇಳಲಿ! ಕೆಟ್ಟ ಸಿನಿಮಾಗಳಲ್ಲೂ ಜಾತಿ ಉಂಟು. ಕೆಲವು ನಗು ಬರಿಸುತ್ತವೆ, ಕೆಲವು ನಿದ್ದೆ ಬರಿಸುತ್ತವೆ. ಇದು ಎರಡನ್ನೂ ಬರಗೊಡದ ಜಾತಿ. ನಾಯಕ ವಿದೇಶದಿಂದ ಹಳ್ಳಿಗೆ ಬಂದು, ಗದ್ದೆಯ ಬದುವಿನ ಮೇಲೆ ನಿಂತು ಭಾಷಣ ಮಾಡುತ್ತಾನೆ. ಮುಗಿಯಿತು ಅಂದುಕೊಂಡರೆ ಮರ ಹತ್ತಿ ಮಾಡುತ್ತಾನೆ. ಇಳಿದ ಅಂದುಕೊಂಡರೆ ಹಾಡುತ್ತಾನೆ. ನಮ್ಮ ಹಿಂದಿನ ಸಾಲಿನಿಂದ ಒಬ್ಬರು “ಗದ್ದೆಗೆ ನೀರು ಕಟ್ಬೇಕು ಕಣವ್ವ, ಬತ್ತೀನಿ” ಅಂತ ಎದ್ದರು. ಇನ್ನೊಬ್ಬರಿಗೆ ಹಾಲು ಕರೆಯುವ ಹೊತ್ತಾಯಿತು. ಇಂಟರ್‌ವಲ್ಲಿಗೆ ಟೀ ಕುಡಿಯಲು ಹೋದ ಒಂದಿಡೀ ಸಾಲು ಟೀ ಅಂಗಡಿಯಿಂದಲೇ ಊರಿನ ಹಾದಿ ಹಿಡಿಯಿತು. ಪ್ರತಿಯೊಬ್ಬರು ಎದ್ದಾಗಲೂ ಅವ್ವ ತಿರುಗಿ ನೋಡುತ್ತಿದ್ದಳು. ಅವಳ ಸೀನಿನ್ನೂ ಬಂದಿರಲಿಲ್ಲ. ಅದು ಬರುವ ಹೊತ್ತಿಗೆ ನೋಡಲು ಯಾರಾದರೂ ಉಳಿದಿರುತ್ತಾರೋ ಇಲ್ಲವೋ ಅಂತ ನಾನು ಹಿಂದಿನ ಸಾಲಿನ ತಲೆಗಳನ್ನು ಎಣಿಸುತ್ತಿದ್ದೆ. ಅದರಲ್ಲೂ ಒಬ್ಬನು ಉಳಿಯಬೇಕಿತ್ತು. ಅವನ ಬರಿಗಾಲು ಆಗಲೇ ನೆಲ ಸವರುತ್ತಿತ್ತು.

“ಸಿಂಚನಾ, ಚಪ್ಪಲಿ ಕೊಡವ್ವಾ.”

“ಇಲ್ಲ ತಾತ.”

ಇನ್ನೊಂದು ಭಾಷಣವಾಯಿತು. “ಒಂದೇ ಕೊಡು, ಕಾಲು ತಣ್ಣಗಾಯ್ತದೆ.”

“ಇಲ್ಲ ತಾತ, ನೀವೇ ಹೇಳಿದ್ದೀರಿ.”

ಅಪ್ಪ ಎರಡೂ ಕಾಲನ್ನು ಸೀಟಿನ ಮೇಲಕ್ಕೆ ಎಳೆದುಕೊಂಡು, ಪಂಚೆಯೊಳಗೆ ಮುಚ್ಚಿಕೊಂಡು ಕೂತ.

ಕೊನೆಗೂ ಬಂತು. ಮಾವನ ಮನೆಯ ಅಡುಗೆಮನೆ, ಒಲೆಯ ಹೊಗೆ, ಹೊಗೆಯ ಹಿಂದಿನಿಂದ ಅಷ್ಟು ದೊಡ್ಡ ಮುಖವಾಗಿ ನಮ್ಮವ್ವ! ನಾಯಕ ಅಗಿದ, ಅವ್ವ ಗದರಿದಳು. “ಅಗೀಬ್ಯಾಡ ಕಣಪ್ಪಾ, ನುಂಗು!” ಅಷ್ಟು ಹೊತ್ತು ಸುಳ್ಳನ್ನೇ ಕೇಳಿ ಕೇಳಿ ಸುಸ್ತಾಗಿದ್ದ ಜನ ಹೋ ಎಂದು ನಕ್ಕು, ಶಿಳ್ಳೆ ಹೊಡೆದು, ಸೀಟು ಬಡಿದರು. ಬಾಗಿಲ ತನಕ ಹೋಗಿದ್ದವರು ಪರದೆ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟರು. ಹಿಂದಿನಿಂದ ಯಾರೋ “ಇನ್ನೊಂದ್ಸಲ ಆಕ್ರಲಾ!” ಅಂತ ಕೂಗಿದರು. ಅವರು ನಮ್ಮೂರವರೂ ಅಲ್ಲ, ನೆಂಟರೂ ಅಲ್ಲ. ನನಗೆ ಎದ್ದುನಿಂತು, ಅದು ನಮ್ಮವ್ವ, ಅದು ನಮ್ಮವ್ವ ಅಂತ ಕೂಗಬೇಕೆನ್ನಿಸಿತು. ಮಾದೇಶ ಕೂಗಿಯೂಬಿಟ್ಟ. ಅಪ್ಪ ಪರದೆಯನ್ನು ನೋಡುತ್ತಿರಲಿಲ್ಲ. ಪಕ್ಕದಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದ ಅವ್ವನನ್ನು ನೋಡುತ್ತಿದ್ದ.

ಇಲ್ಲಿಗೇ ಮುಗಿದಿದ್ದರೆ ಎಲ್ಲರೂ ಸುಖವಾಗಿ ಮನೆಗೆ ಹೋಗಬಹುದಿತ್ತು. ಆದರೆ ನಾಯಕನಿಗೆ ರೋಷ ಬರಲು ಕಾರಣ ಬೇಕಲ್ಲ. ಖಳನಾಯಕನ ಕಡೆಯವರು ರಾತ್ರೋರಾತ್ರಿ ಅಜ್ಜಿಯ ಮನೆಗೆ ಬೆಂಕಿ ಇಟ್ಟರಂತೆ. ಬೆಂಕಿಯನ್ನೂ ತೋರಿಸಲಿಲ್ಲ, ಯಾರೋ ಓಡಿಬಂದು ಹೇಳಿದರು ಅಷ್ಟೇ. ಮರುಗಳಿಗೆ ಪರದೆಯ ತುಂಬ ಒಂದು ಪಟ. ಗೋಡೆಗೆ ಒರಗಿ ನಿಂತು ನಗುತ್ತಿರುವ ಅವ್ವ. ನೆಪ್ಪಿಗೆ ಅಂತ ತೆಗೆದುಕೊಂಡಿದ್ದ ಫೋಟೋ. ಅದಕ್ಕೆ ಹಾರ ಹಾಕಿ, ಮುಂದೆ ದೀಪ ಹಚ್ಚಿದ್ದರು.

ಅವ್ವ ಸಣ್ಣ ದನಿಯಲ್ಲಿ, “ನಂಗೆ ಯೋಳ್ಲೇ ಇಲ್ವಲ್ಲಾ” ಅಂದಳು.

ಅಪ್ಪ ಎದ್ದುನಿಂತ. ಚಪ್ಪಲಿ ಕೇಳಲಿಲ್ಲ, ಹುಡುಕಲೂ ಇಲ್ಲ. ಬರಿಗಾಲಲ್ಲಿ ಅವನು ಟಾಕೀಸಿನಿಂದ ಹೊರಟದ್ದನ್ನು ನಾನು ಅದುವರೆಗೂ ನೋಡಿರಲಿಲ್ಲ. ಅವನ ತಲೆಯ ನೆರಳು ಆ ಹಾರದ ಮೇಲೆ ಬಿದ್ದು ಅಲುಗಾಡುತ್ತಿತ್ತು.

“ಏಳಮ್ಮಿ. ಇದ ನೋಡಬ್ಯಾಡ ನೀನು. ಏಳು, ಓಗನ.”

ಅವ್ವ ಏಳಲಿಲ್ಲ. ಅಷ್ಟು ವರ್ಷದಲ್ಲಿ ಅಪ್ಪ ಏಳು ಅಂದಾಗ ಏಳದಿದ್ದದ್ದು ಅದೊಂದೇ ಸಲ. ಅವನ ಪಂಚೆಯ ಅಂಚು ಹಿಡಿದು ಕೆಳಗೆ ಜಗ್ಗಿದಳು. “ಕುಂತ್ಕಳಿ. ಪಟಕ್ಕಲ್ವಾ ಆರ ಆಕಿರೋದು? ನಾನಿಲ್ಲೇ ಇವ್ನಿ. ಮುಟ್ಟಿ ನೋಡಿ ಬೇಕಾದ್ರೆ.”

ಅಪ್ಪ ನಿಂತೇ ಇದ್ದ.

“ಇದೊಂದಾದ್ರೂ ಕೊನೇಗಂಟ ನೋಡ್ತೀನಿ. ಕುಂತ್ಕಳಿ ಅಂದ್ನಲ್ಲ.”

ಅಪ್ಪ ಕೂತ. ಅವಳ ಮುಂಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ನಮ್ಮೂರ ಕಡೆ ಆ ವಯಸ್ಸಿನ ಗಂಡಸರು ನಾಲ್ಕು ಜನರ ಮುಂದೆ ಹಾಗೆ ಹಿಡಿಯುವುದಿಲ್ಲ. ಅವನು ದೀಪ ಹತ್ತುವ ತನಕ ಬಿಡಲಿಲ್ಲ. ಪರದೆಯ ಮೇಲೆ ನಾಯಕ ಕೇಡಿಗಳನ್ನು ಒಬ್ಬೊಬ್ಬರನ್ನಾಗಿ ಮುಗಿಸಿ, ಉರಿಯುವ ಗೋದಾಮಿನ ಮುಂದೆ ನಡೆದು ಬಂದು, ಕಪ್ಪು ಕನ್ನಡಕ ಹಾಕಿಕೊಂಡ. ಅಲ್ಲಿಗೆ ಶುಭಂ. ಅವ್ವ ಕೊನೆಯ ಅಕ್ಷರ ಮರೆಯಾಗುವ ತನಕ ನೆಟ್ಟ ದೃಷ್ಟಿ ಕೀಳದೆ ನೋಡಿದಳು.

ಸಿಂಚನ ತಾತನಿಗೆ ಚಪ್ಪಲಿ ವಾಪಸು ಕೊಟ್ಟಳು. ಹೊರಗೆ ಬಂದ ಮೇಲೆ ಪರಿಚಯವಿಲ್ಲದವರೆಲ್ಲ ಅವ್ವನ ಸುತ್ತ ಸೇರಿ, “ಅಗೀಬ್ಯಾಡ ಅಂದೋರು ನೀವೇ ಅಲ್ವರಾ?” ಅಂತ ಮಾತಾಡಿಸಿದರು. ಇಬ್ಬರು ಹುಡುಗಿಯರು ಜೊತೆಗೆ ನಿಂತು ಫೋಟೋ ತೆಗೆಸಿಕೊಂಡರು. ಅವ್ವ ಗತ್ತಿನಿಂದಲೇ ನಿಂತಳು. ಆದರೆ ಬಸ್‌ಸ್ಟ್ಯಾಂಡಿಗೆ ಬರುವಾಗ ಅವಳ ನಡಿಗೆ ನಿಧಾನವಾಯಿತು.

ಮಾದೇಶ ಅಂಗಡಿಯಲ್ಲಿ ಏನೋ ಕೆಲಸವಿದೆಯೆಂದು ಹೋದ. ನಾವು ನಾಲ್ವರೂ ಬೆಂಚಿನ ಹತ್ತಿರ ಬಂದೆವು. ಸ್ಟ್ಯಾಂಡು ಬದಲಾಗಿದೆ, ಕಲ್ಲುಬೆಂಚು ಹೋಗಿ ಕಬ್ಬಿಣದ ಸೀಟು ಬಂದಿದೆ, ಹೆಂಗಸರಿಗೆ ಬಸ್ಸು ಬಿಟ್ಟಿಯಾದ ಮೇಲೆ ಜನವೂ ಹೆಚ್ಚಿದ್ದಾರೆ. ಅವ್ವ ಕೂತು ಪುರಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು, ಬಿಚ್ಚಲಿಲ್ಲ.

“ಇಷ್ಟೇಯಾ ಮಗ?” ಅಂದಳು ನನ್ನ ಕಡೆ ತಿರುಗಿ. “ಕೊನೆ ಅಂದ್ರೆ ಇಂಗೇಯಾ ಇರೋದು? ಎಲ್ರುನೂ ಸಾಯ್ಸಿ ಕನ್ನಡಕ ಆಕಂಡು ಓಗೋದಾ?”

ಅಪ್ಪ ಎಂದಿನಂತೆ ಒಂದು ಮಾರು ದೂರದಲ್ಲಿ, ನಮಗೆ ಬೆನ್ನು ಹಾಕಿ, ಕೈ ಹಿಂದೆ ಕಟ್ಟಿ, ಬೋರ್ಡು ನೋಡುತ್ತಾ ನಿಂತಿದ್ದ. ತಿರುಗದೆಯೇ ಅಂದ:

“ನೀನು ಯೋಳು. ಅದು ಎಂಗೆ ಮುಗೀಬೇಕಿತ್ತು?”

ಅವ್ವ ತಲೆಯೆತ್ತಿದಳು.

“ಅವತ್ತು ಆ ಬಾವಿಗೆ ಬಿದ್ದ ಹೆಣ್ಮಗೀಗೆ ಅರಳಿ ಬೇರು ಇಡ್ಸಿ ಉಳಿಸ್ದಲ್ಲ, ಅಂಗೆ ಉಳ್ಸು. ಈ ಮುದ್ಕೀನೂ ಉಳ್ಸು.”

ನಾನು ಅಪ್ಪನ ಬೆನ್ನನ್ನೇ ನೋಡುತ್ತಾ ಕೂತುಬಿಟ್ಟೆ. ಬಾವಿಯ ಕತೆ ನಡೆದಾಗ ಮಾದೇಶನಿಗೆ ಹಾಲುಹಲ್ಲು ಬಿದ್ದಿರಲಿಲ್ಲ. ಹಾಗಾದರೆ ಅಷ್ಟೂ ವರ್ಷ ಆ ಬೋರ್ಡಿನ ಮುಂದೆ ನಿಂತವನು ಓದುತ್ತಿದ್ದದ್ದು ಬಸ್ಸಿನ ವೇಳೆಯನ್ನಲ್ಲ. ಒಂದೆಲೆ ಉಜ್ಜಿ ನೋಡಿ ಆ ಕಡೆ ಈ ಕಡೆ ಅನ್ನುವ ನಮ್ಮಪ್ಪ ಯಾವ ಸಿನಿಮಾವನ್ನೂ ಪಾಸು ಮಾಡದಿದ್ದದ್ದು ಯಾಕೆಂದು ಅವತ್ತು ನನಗೆ ಗೊತ್ತಾಯಿತು. ಅವನ ಹತ್ತಿರ ಅದಕ್ಕಿಂತ ಒಳ್ಳೆಯ ಸೊಪ್ಪಿತ್ತು.

ಅವ್ವ ಚೀಲ ಬಿಚ್ಚಿದಳು. ನನಗೊಂದು ಬೊಗಸೆ, ಸಿಂಚನಳಿಗೊಂದು ಬೊಗಸೆ ಪುರಿ ಹಾಕಿದಳು. ಸೆರಗು ಹೊದ್ದುಕೊಂಡಳು.

“ಬೆಂಕಿ ಇಕ್ಕಕೆ ಬಂದ್ರಲ್ಲ, ಅವತ್ತು ಅಜ್ಜಿ ಮನೇಲಿ ಇರ್ನಿಲ್ಲ. ಕೆ.ಆರ್. ನಗರದಾಗೆ ಮಗಳ ಬಾಣಂತನಕ್ಕೆ ಓಗಿದ್ಲು” ಅಂತ ಶುರುಮಾಡಿದಳು. “ಒಲೆ ಮ್ಯಾಲೆ ಮುದ್ದೆ ಬಿಸಿಯಾಗೇ ಇತ್ತು. ಬಂದೋರು ಹಸ್ದಿದ್ರು...”

ಅಷ್ಟರಲ್ಲಿ ನಮ್ಮೂರ ಬಸ್ಸು ಬಂತು. ಕಂಡಕ್ಟರು ಇಳಿದು ಊರಿನ ಹೆಸರು ಕೂಗಿದ. ಅವ್ವ ಅಭ್ಯಾಸಬಲದಿಂದ ಮಾತು ನಿಲ್ಲಿಸಿ, ಚೀಲದ ಬಾಯಿ ಕಟ್ಟಿ ಎದ್ದಳು.

ಅಪ್ಪ ಬಸ್ಸನ್ನೊಮ್ಮೆ ನೋಡಿದ. “ಅದು ಓಗ್ಲಿ ಬುಡು. ಇನ್ನೊಂದು ಬತ್ತದೆ” ಅಂದ. ಬೋರ್ಡು ಬಿಟ್ಟು ಬಂದು, ಸಿಂಚನಳನ್ನು ಅತ್ತ ಸರಿಯುವಂತೆ ಹೇಳಿ, ಅವ್ವನ ಪಕ್ಕದ ಸೀಟಿನಲ್ಲಿ ಕೂತ. ಚಪ್ಪಲಿ ಬಿಚ್ಚಿ ಕಾಲಿನಿಂದ ದೂರ ತಳ್ಳಿದ.

“ಊಂ, ಕುಂತ್ಕ. ಪೂರಾ ಯೋಳು.”